ಗವಸಣಿಗಿ

ಪೈಪು ಬಿಟ್ಟು ಹೋಗ್ರಿ, ಎರಡು ದಿನ.
ಫೋಟೊ ನಡಿಯಂಗಿಲ್ಲ.
ಫೋಟೊದಾಗ ಹೊಟ್ಟಿ ಕಾಣ್ತದ, ಬೆನ್ನು ಕಾಣಂಗಿಲ್ಲ.

ಬೀದರದ ಚೌಬಾರಾದ ಹಿಂದ,
ಬಿದರಿ ಕೆಲಸದ ಖಲೀಲ ಚಾಚಾನ ಗೋಡಿಗಿ ಹತ್ತಿ
ಎಂಟು ಫೂಟಿನ ಅಂಗಡಿ ನಂದು.
ಬೋರ್ಡಿನ ಮ್ಯಾಲ ಸರೂಬಾಯಿ ಅನ್ನೋದಷ್ಟೆ ಉಳದದ,
ಮುಂದಿಂದು ಬಿಸಲು ತಿಂದದ.

ಮಾವ ಕುದುರಿ ಜೀನು ಹೊಲೀತಿದ್ದ.
ಕುದುರಿ ಹೋದವು, ಚಪ್ಪಲಿ ಹೊಲದ.
ಚಪ್ಪಲಿ ರಬ್ಬರಿಂದಾದವು, ಸುಮ್ಮ ಕುಂತ.
ಆವಾಗ ವಿಮಾನದಳದ ಸಾಯಬ್ರೊಬ್ಬರು
ಕಿಸೆದಾಗಿಂದ ಸೊಟ್ಟ ಕಟ್ಟಿಗಿ ಒಂದು ತೆಗೆದಿಟ್ಟು
‘ಇದಕ್ಕೊಂದು ಮನಿ ಮಾಡಿಕೊಡ್ರಿ’ ಅಂದ್ರು.
ಮಾವ ನಕ್ಕ. ನಾ ನಗಲಿಲ್ಲ.
ಓಣಿಯ ಕುಬಸ ಹೊಲಿದ ಕೈ ನಂದು,
ಉಬ್ಬು ಎಲ್ಲಿ, ತಗ್ಗು ಎಲ್ಲಿ,
ಉಸಿರಿಗಿ ಎಷ್ಟು ಬಿಡಬೇಕು ಗೊತ್ತಿತ್ತು.

ಹಸಿ ಮಣ್ಣಾಗ ಪೈಪು ಒತ್ತತೀನಿ, ಗುರುತು ಉಳೀತದ.
ಗುರುತಿನ ಪರಕಾರ ಬೇವಿನ ತುಂಡಿನಾಗ ಅಚ್ಚು.
ರಾತ್ರಿ ನೆನೆದ ಆಡಿನ ತೊಗಲು
ಅಚ್ಚಿನ ಮ್ಯಾಲ ಎಳೆದು ಕಟ್ಟಿದ್ರ
ಒಣಗೂತ ಒಣಗೂತ ಅದೇ ಕಲೀತದ, ಹ್ಯಾಂಗ ಕುಂದ್ರಬೇಕಂತ.
ಒಳಗ ಮಖಮಲ್ಲು, ಹುಣಸಿಬೀಜದ ಅಂಟು,
ಮೇಣ ಹಚ್ಚಿದ ದಾರ, ಇಂಚಿಗಿ ಒಂಬತ್ತು ಹೊಲಿಗಿ.
ಎಂಟಾದ್ರ ಬಿಚ್ಚತದ. ಹತ್ತಾದ್ರ ತೊಗಲೇ ಹರೀತದ.

ಹದಿನೆಂಟು ನೂರು ಅಂದ್ರ ಮಂದಿ ಬೆಚ್ಚತಾರ:
‘ಇಷ್ಟ ಸಣ್ಣದಕ್ಕ?’
ಸಣ್ಣದಕ್ಕೇ ಕಣ್ಣು ಭಾಳ ಹೋಗ್ತಾವ್ರಿ.
ವರ್ಷಕ್ಕ ಹೋಗೋವು ಇಪ್ಪತ್ತು. ಪುಣೆಕ್ಕ, ಹೈದರಾಬಾದಕ್ಕ.
ಹೊಟ್ಟಿ ತುಂಬಸೋದು ಬೆಲ್ಟು, ಮೊಬೈಲಿನ ಕವರು.

ತಂಬಾಕಿನ ರುಚಿ ನನಗ ಗೊತ್ತಿಲ್ಲ.
ಹಲ್ಲು ಗೊತ್ತವ.
ಸಿಟ್ಟಿಲೆ ಕಲ್ಲಿಗಿ ಬಡಿದು ಅಂಚು ಒಡೆದಾಂವ,
ಹೆಂಡತಿ ಸತ್ತ ವರ್ಷ ಬೆಂಕಿ ಹಚ್ಚಲಾರದೆ
ಬರೇ ಬಾಯಾಗ ಹಿಡಿದು ಕುಂತಾಂವ,
ಎಲ್ಲಾ ಬರದಿರತದ ಬಾಯಿತುದಿಯಾಗ.

ಹೋದ ಮಂಗಳವಾರ ಜೋಯೆಲಪ್ಪ ಬಂದಿದ್ರು,
ಮಿಷನ್ ದವಾಖಾನಿಯ ಹಳೀ ಕಂಪೌಂಡರ್ರು.
ಹನ್ನೊಂದು ವರ್ಷದ ಹಿಂದ ನಾ ಹೊಲಿದ ಗವಸಣಿಗಿ
ಗಲ್ಲದ ಮ್ಯಾಲಿಟ್ಟು ಬಿಚ್ಚಿ ತೋರಸಿದ್ರು.
ಖಾಲಿ.
‘ಡಾಕ್ಟರು ಬಿಡು ಅಂದ್ರು, ಬಿಟ್ಟೆ.
ಮಾಂಜ್ರಾ ಬ್ರಿಜ್ಜಿನ ಮ್ಯಾಲಿಂದ ಪೈಪು ಒಗದೆ.
ಇದನ್ನ ಒಗೀಲಿಕ್ಕ ಮನಸಾಗಲಿಲ್ಲ.
ಕಿಸೆದಾಗ ಇಟ್ರ ಒಳಗಿಂದೊಳಗ ಕುಸೀತದ.
ಏನರೆ ಹಾಕಿಕೊಡವ್ವ.’

ಚಷ್ಮಾ ಹಿಡೀಲಿಲ್ಲ.
ಅಡಕಿ, ಲವಂಗ ಅಂದೆ. ಮಾರಿ ತಿರುವಿದ್ರು.

ಅಟ್ಟದ ಮ್ಯಾಲ ಅಚ್ಚುಗಳವ, ಯಾರದೂ ಒಗದಿಲ್ಲ.
ನಲವತ್ತೊಂದನೇದು, ಧೂಳಾಗಿತ್ತು.
ಸೆರಗಿಲೆ ಒರಸಿ ಇಡಲಿಕ್ಕ ಹೋದೆ, ಕುಂದರಲಿಲ್ಲ.
ಮಖಮಲ್ಲಿನ ದಪ್ಪದಷ್ಟು ಹೆಚ್ಚಾಗಿತ್ತು.
ಉಸುಕಿನ ಕಾಗದ ತಗೊಂಡು ತಿಕ್ಕಿದೆ,
ಅವರು ಸ್ಟೂಲಿನ ಮ್ಯಾಲ, ಮೊಣಕಾಲ ಮ್ಯಾಲ ಟೊಪಗಿ.
ಮುಕ್ಕಾಲು ತಾಸು. ಮಾತಿಲ್ಲ.
ಪಕ್ಕದಾಗ ಚಾಚಾನ ಉಳಿ, ಟಿಕ್ ಟಿಕ್.

ಕುಂತಿತು.
ಹೊರಗ ತೆಗೆದ್ರು, ತೂಗಿ ನೋಡಿದ್ರು,
ಆ ಕಡಿ ಈ ಕಡಿ ನೋಡಿ ಬಾಯಾಗ ಇಟ್ರು.
ಮಾರಿ ಕಿವಚಿ ‘ಕಹಿ’ ಅಂದ್ರು. ಬೇವಲ್ಲೇನ್ರಿ ಅಂದೆ.
‘ಆಯುಷ್ಯಪೂರ್ತಿ ಮಂದಿಗಿ ಕುಡಿಸೀನಿ ಇಂಥಾದ್ದು’
ಅಂತ ನಕ್ಕು, ತೆಗೀಲಿಲ್ಲ ಬಾಯಾಗಿಂದು.
ನೂರಾ ಇಪ್ಪತ್ತು ಕೇಳಿದೆ. ನೂರು ಕೊಟ್ರು.
ತಗೊಂಡೆ.

ಇರಲಿ. ನಿಮ್ಮದು ಕೊಡ್ರಿ ಈ ಕಡಿ,
ಬೆಳಕಿಗಿ ಹಿಡಿದು ನೋಡತೀನಿ.
ಹೂಂ. ಎಡಕ ಕಚ್ಚತಿದ್ರಿ.
ಈಚೀಚಿಗಿ ಬಲಕ.
ಹಲ್ಲು ಯಾವಾಗ ಹೋಯ್ತ್ರಿ?