ತಂಪು ಮಗ್ಗುಲು

ಬಣ್ಣಕ್ಕೆ ಮರುಳಾಗಬ್ಯಾಡ್ರಕ್ಕ, ಬಾಲ ನೋಡ್ರಿ
ಅಂದ ಹೊನ್ನೂರಸ್ವಾಮಿ,
ಮೀನಿನಂಗಡಿಯ ಹಿಂದಿನ ಕತ್ತಲಲ್ಲಿ ಟಾರ್ಚು ಹಿಡಿದು.
ಗಾಜಿನೊಳಗೆ ಎರಡು:
ಒಂದು ಕಿತ್ತಳೆ, ಈಗಷ್ಟೇ ಬಣ್ಣದ ತೊಟ್ಟಿಯಿಂದ ಎದ್ದಂತೆ,
ಬಾಲ ಮಾತ್ರ ಕರೆಂಟಿನ ವೈರು.
ಇನ್ನೊಂದು ಮಾಸಲು ಹಳದಿ, ಮೈತುಂಬ ಚುಕ್ಕಿ,
ಬಾಲ ಬಜ್ಜಿಗೆ ಆರಿಸಿಟ್ಟ ಮೆಣಸಿನಕಾಯಿ.
ತಿಂದು ಮಿಕ್ಕಿದ್ದನ್ನು ಅಲ್ಲಿ ಕೂಡಿಡುತ್ತದಂತೆ
ಹಸಿದ ದಿನಕ್ಕೆ.

ನನಗೆ ಅರ್ಥವಾಯಿತು.
ಸೆರಗಿನ ಗಂಟು ಮುಟ್ಟಿ ನೋಡಿಕೊಂಡೆ:
ಏಳು ತಿಂಗಳ ಓವರ್‌ಟೈಮು,
ಜೀನ್ಸಿನ ಒಂದು ಜೋಬಿಗೆ ಅರವತ್ತು ಪೈಸೆ.
ಮಗಳು ಕಿತ್ತಳೆಯತ್ತ ಬೆರಳು ತೋರಿದಳು.
ನಾನು ಬಾಲದತ್ತ.

ಕಾಡಿಂದ ಹಿಡಿದಿದ್ದಲ್ಲ, ಮೊಟ್ಟೆಯಿಂದ ಸಾಕಿದ್ದು,
ಕಾಗದ ಐತೆ ನೋಡ್ರಿ.
ಒಂದೇ ಸಾಕು, ಜೋಡಿ ಬ್ಯಾಡ,
ಜೊತೆಗಿದ್ರೆ ಕಚ್ಚಾಡ್ತಾವೆ, ಒಂಟಿ ಇದ್ರೆ ಆರಾಮ.
ಅದೂ ನನಗೆ ಅರ್ಥವಾಯಿತು.

ಹಲ್ಲಿಗೆ ನಾಲ್ಕು ಸಾವಿರವಾ?
ಅತ್ತೆ ಹೊಸ್ತಿಲಲ್ಲೇ ತಡೆದರು.
ಟ್ಯೂಬ್‌ಲೈಟಿನ ಹಿಂದೆ ಪುಕ್ಕಟೆ ಏಳೆಂಟು ಇಲ್ಲವಾ?
ಕನ್ನಡಕ ಏರಿಸಿ ಪಂಚಾಂಗದ ಹಿಂದಿನ ಪುಟ ತೆಗೆದರು.
ತಲೆಯ ಮೇಲೆ, ಭುಜದ ಮೇಲೆ, ಹಿಮ್ಮಡಿಯ ಮೇಲೆ,
ಎಲ್ಲೆಲ್ಲಿ ಬಿದ್ದರೆ ಏನೇನು ಫಲ, ಬರೆದಿದೆ.
ಕೈಯಾರೆ ಕೊಂಡು ತಂದರೆ ಏನೆಂದು ಬರೆದಿಲ್ಲ.
ಇದು ಬೀಳೋದೇ ಇಲ್ಲ ಅಜ್ಜಿ, ಎಂದಳು ಸಿಂಚನಾ,
ಇದಕ್ಕೆ ಗೋಡೆ ಹತ್ತೋಕೆ ಬರಲ್ಲ, ಅಂಗಾಲಲ್ಲಿ ಅಂಟಿಲ್ಲ.
ಅತ್ತೆ ಬಹಳ ಹೊತ್ತು ಅದನ್ನೇ ನೋಡಿ
ಪಾಪ, ಅಂದರು.

ಮೂರಡಿಯ ಹಳೇ ಮೀನಿನ ತೊಟ್ಟಿ.
ಮರಳು ಕೂಡದು, ಹುಳದ ಜೊತೆ ನುಂಗಿದರೆ ಹೊಟ್ಟೆ ಕಟ್ಟುತ್ತದೆ.
ಕಟಿಂಗ್ ಟೇಬಲ್ಲಿನಿಂದ ಖಾಕಿ ಕಾಗದ ತಂದು ಹಾಸಿದೆ,
ಮೂವತ್ತೆರಡು ಸೊಂಟದ ಪ್ಯಾಟರ್ನು,
ಸೀಮೆಸುಣ್ಣದ ಗೆರೆ ಇನ್ನೂ ಅಳಿಸಿಲ್ಲ.
ಈಗದು ಯಾರೂ ತೊಡದ ಪ್ಯಾಂಟಿನ
ಮೊಣಕಾಲ ಮೇಲೆ ತಲೆಯಿಟ್ಟು ಮಲಗುತ್ತದೆ.
ಬಾಯಿ ಒಡೆದ ಕುಡಿಕೆ ಒಂದು ಗವಿ.
ಮೊಸರಿನ ಡಬ್ಬಿಗೆ ತೂತು ಕೊರೆದು ಒದ್ದೆ ಬಟ್ಟೆ ಹಾಸಿದ್ದು
ಪೊರೆ ಕಳಚುವ ದಿನಕ್ಕೆ.
ಬಾಣಂತಿ ಕೋಣೆ, ಅನ್ನುತ್ತಾರೆ ಅತ್ತೆ.

ಒಂದು ಮಗ್ಗುಲು ಬಿಸಿ, ಒಂದು ಮಗ್ಗುಲು ತಂಪು ಇರಬೇಕಂತೆ,
ನಡುವೆ ಓಡಾಡಿ ತನಗೆ ಬೇಕಾದ್ದನ್ನು
ತಾನೇ ಆರಿಸಿಕೊಳ್ಳಬೇಕಂತೆ.
ಬಿಸಿಗೆಂದು ಮ್ಯಾಟು ಮಾರುತ್ತಾರೆ.
ಬಳ್ಳಾರಿಯ ಏಪ್ರಿಲ್ಲಿಗೆ ಮ್ಯಾಟು!
ತಗಡಿನ ಕೆಳಗೆ ಪಾದರಸ ನಲವತ್ತು ದಾಟಿದಾಗ
ತೊಟ್ಟಿ ಹೊತ್ತು ಮನೆಯೆಲ್ಲ ಅಲೆದೆ.
ಕಿಟಕಿ ಬೇಡ, ಹೊಲಿಗೆ ಮಷೀನಿನ ಪಕ್ಕ ಬೇಡ,
ಕಡೆಗೆ ನೀರಿನ ಹರವಿಯ ಹತ್ತಿರ, ಬಂಡೆ ಬೆವರುವಲ್ಲಿ.
ನಮ್ಮ ಮನೆಗೂ ಒಂದು ತಂಪು ಮಗ್ಗುಲಿದೆಯೆಂದು
ಹದಿನಾರು ವರ್ಷಕ್ಕೆ ಗೊತ್ತಾಯಿತು.
ಅಲ್ಲಿ ಇಷ್ಟು ದಿನ ಸಿಲಿಂಡರು ಕೂತಿತ್ತು.
ಈಗ ರಜೆಯ ಮಧ್ಯಾಹ್ನ ಮೂವರೂ ಅಲ್ಲೇ ಉರುಳುತ್ತೇವೆ.

ಮೊದಲ ಎಂಟು ದಿನ ಅದು ತಿನ್ನಲೇ ಇಲ್ಲ.
ಮುಟ್ಟಬ್ಯಾಡ್ರಿ, ಕಾಯ್ರಿ, ಅಂದಿದ್ದ ಅವನು.
ಕ್ಯಾಲ್ಸಿಯಂ ಪುಡಿಯಲ್ಲಿ ಹುಳ ಹೊರಳಿಸಿ
ಮಗಳು ದಿನಾ ಚಿಮಟ ಹಿಡಿದು ಕೂತಳು,
ದಿನಾ ವಾಪಸು ಡಬ್ಬಿಗೆ ಹಾಕಿದಳು.
ನಾನು ಬಾಲ ಅಳೆದೆ, ಕಣ್ಣಲ್ಲೇ,
ಟೇಪು ತರಲು ಧೈರ್ಯವಿಲ್ಲದೆ.
ಒಂಬತ್ತನೆಯ ರಾತ್ರಿ ಬಾಲದ ತುದಿ ಹಾವಿನಂತೆ ಅಲುಗಿತು.
ಟಪ್.
ಸಿಂಚನಾ ಕಿರುಚಿದ್ದಕ್ಕೆ ಪಕ್ಕದ ಮನೆಯವರು ಎದ್ದು ಬಂದರು.

ನಿನ್ನೆ ಗೋಡೆಯ ಹಲ್ಲಿಯೊಂದು ಇಳಿದು ಬಂದು
ಗಾಜಿನ ಹೊರಗೆ ಹೊಟ್ಟೆ ಅಂಟಿಸಿ ನಿಂತಿತ್ತು.
ಲೊಚ್ ಲೊಚ್ ಅಂದಿತು.
ಅತ್ತೆ ನಿದ್ದೆಗಣ್ಣಲ್ಲೇ ನೆಲ ತಟ್ಟಿ ಸತ್ಯ ಸತ್ಯ ಅಂದರು,
ಯಾರೂ ಏನೂ ಹೇಳಿರಲಿಲ್ಲ.
ಒಳಗಿನದು ಮೊಣಕಾಲಿನ ಗೆರೆಯಿಂದ ತಲೆಯೆತ್ತಿ
ಅದನ್ನೇ ದಿಟ್ಟಿಸಿತು.
ಆಮೇಲೆ, ಗೋಡೆಯದಕ್ಕೆ ಎಂದೂ ಆಗದ ಕೆಲಸವೊಂದನ್ನು
ನಿಧಾನಕ್ಕೆ ಮಾಡಿತು,
ರೆಪ್ಪೆ ಮುಚ್ಚಿತು.