ಐದಕ್ಕೆ ಊಟ, ಹನ್ನೆರಡಕ್ಕೆ ಮಾತು

ಲುಬ್ಲಿನ್ ದಾಟಿ, ಹಿಮ ಬಿದ್ದರೆ ಬಸ್ಸು ಬಾರದ
ನಮ್ಮೂರಲ್ಲಿ ಒಂದು ನಂಬಿಕೆ:
ಕ್ರಿಸ್ಮಸ್ಸಿನ ಹಿಂದಿನ ದಿನ ನಡುರಾತ್ರಿ
ಮೂಕಪ್ರಾಣಿಗಳಿಗೆಲ್ಲ ಮಾತು ಬರುತ್ತದೆ.
ವರ್ಷಕ್ಕೊಂದೇ ಸಲ. ಶುದ್ಧ ಪೋಲಿಷ್, ವ್ಯಾಕರಣ ಸಮೇತ.

ಹಾಗಾಗಿ ಇಪ್ಪತ್ತೊಂದನೇ ತಾರೀಖಿನಿಂದಲೇ
ಅಪ್ಪ ಬೇರೆ ಮನುಷ್ಯ.
ವರ್ಷವಿಡೀ "ಏ ಹಾಳಾದ್ದೇ" ಎಂದವನು
ಕುದುರೆ ಸಿವೆಕ್‌ನ ಬೆನ್ನು ಸವರಿ "ಏನಪ್ಪಾ" ಎನ್ನುತ್ತಾನೆ.
ಅಕ್ಟೋಬರಿನಿಂದ ಕಿರುಗುಟ್ಟುತ್ತಿದ್ದ ಲಾಯದ ಬಾಗಿಲಿಗೆ ಎಣ್ಣೆ,
ಕೊಂಬು ಮುರಿದ ಹಸುವಿಗೆ ಮೆತ್ತನೆ ಹುಲ್ಲು.
ಚಾಟಿ ಎಲ್ಲಿ ಎಂದರೆ, "ಯಾವ ಚಾಟಿ?"
ಹಂದಿಯ ಹತ್ತಿರ ಹೋಗಲು ಮಾತ್ರ ಹಿಂಜರಿಕೆ:
ಅದಕ್ಕೆ ಅದರಮ್ಮನ ವಿಷಯ ಗೊತ್ತು.

ಕದ್ದು ಕೇಳಿಸಿಕೊಂಡವರು
ವರ್ಷ ತುಂಬುವುದರೊಳಗೆ ಸಾಯುತ್ತಾರಂತೆ.
"ಈ ಮಾತು ಹುಟ್ಟಿಸಿದವನೂ
ದನ ಸಾಕಿದವನೇ ಇರಬೇಕು" ಎನ್ನುತ್ತಿದ್ದಳು ಅಜ್ಜಿ.

ಅದೇ ವಾರ ಸ್ನಾನದ ತೊಟ್ಟಿಗೊಂದು ಕಾರ್ಪ್ ಮೀನು,
ಪೇಟೆಯಿಂದ ಬಕೆಟ್ಟಿನಲ್ಲಿ ಬಂದದ್ದು, ಜೀವಂತ.
ನಾಲ್ಕು ದಿನ ಅದು ಮಿಂದಿತು, ನಾವು ಮೀಯಲಿಲ್ಲ.
ತಂಗಿ ಕಿಂಗಾ ಹೆನ್ರಿಕ್ ಎಂದು ಹೆಸರಿಟ್ಟಳು,
ಮಲಗುವ ಮುಂಚೆ ಶುಭರಾತ್ರಿ ಹೇಳಿದಳು.
ಅದು ಬಾಯಿ ತೆರೆಯಿತು, ಮುಚ್ಚಿತು, ತೆರೆಯಿತು.
"ಅಭ್ಯಾಸ ಮಾಡ್ತಿದೆ" ಎಂದಳು.

ಇಪ್ಪತ್ತನಾಲ್ಕು.
ಮೊದಲ ನಕ್ಷತ್ರ ಕಂಡೊಡನೆ ಊಟ;
ಡಿಸೆಂಬರಿನಲ್ಲಿ ನಮಗೆ ಐದಕ್ಕೆಲ್ಲ ನಕ್ಷತ್ರ.
ಅವತ್ತು ವ್ರತ, ಮಾಂಸ ಮುಟ್ಟುವಂತಿಲ್ಲ.
ಮೀನು ಮಾಂಸವಲ್ಲವೆಂದು ಯಾರೋ ದೊಡ್ಡವರು
ಎಂದೋ ತೀರ್ಮಾನಿಸಿದ್ದಾರೆ,
ಮೀನನ್ನು ಕೇಳದೆ.
ಮೇಜಿನ ಮೇಲೆ ಹನ್ನೆರಡು ಬಗೆ. ಒಂದು ತಟ್ಟೆ ಮಾತ್ರ ಖಾಲಿ,
ಹೇಳದೆ ಬರುವ ಅತಿಥಿಗೆ.

ಕಿಂಗಾ ಆ ಖಾಲಿ ತಟ್ಟೆ ನೋಡಿದಳು,
ತನ್ನ ತುಂಬಿದ ತಟ್ಟೆ ನೋಡಿದಳು,
ಆಮೇಲೆ ಗೋಡೆ ಗಡಿಯಾರ.
"ಅಪ್ಪಾ, ಹನ್ನೆರಡರ ತನಕ ಯಾಕೆ ಕಾಯಲಿಲ್ಲ?
ಅವನಿಗೇನೋ ಹೇಳೋದಿತ್ತು."

ಅಪ್ಪನ ಗಂಟಲಲ್ಲಿ ಮುಳ್ಳು ಸಿಕ್ಕಿಕೊಂಡಿತು.
ನಿಜವಾದ ಮುಳ್ಳೇ.
ಅಜ್ಜಿ ಬೆನ್ನಿಗೆ ಗುದ್ದಿದಳು, ಒಣ ಬ್ರೆಡ್ಡು ತುರುಕಿದಳು.
ಅಪ್ಪ ಬಾಯಿ ತೆರೆದ, ಮುಚ್ಚಿದ, ತೆರೆದ.

ಹೆನ್ರಿಕ್‌ನ ಹುರುಪೆಯೊಂದು ಒಣಗಿ ಅಪ್ಪನ ಪರ್ಸು ಸೇರಿತು,
ವರ್ಷವಿಡೀ ದುಡ್ಡಿರಲೆಂದು.
ರಾತ್ರಿ ಹನ್ನೆರಡಕ್ಕೆ ಎಂದಿನಂತೆ
ಊರಿಗೆ ಊರೇ ಚರ್ಚಿನಲ್ಲಿ ನಿಂತು ಹಾಡಿತು,
ಲಾಯದ ಕಡೆಯಿಂದ ಏನೂ ಕೇಳಿಸದಷ್ಟು.
ಗಂಟಲು ನೋಯುತ್ತಿದ್ದರೂ
ಅಪ್ಪನ ದನಿಯೇ ಎಲ್ಲಕ್ಕಿಂತ ಜೋರು.