ಪಾಪದ ಪಟ್ಟಿ

ಶನಿವಾರ ಲಿಡ್ವಿನ್‌ಗೆ ಮೊದಲ ಪಾಪನಿವೇದನೆ.
ಪಾಲಿಬೆಟ್ಟದ ಇಗರ್ಜಿಯಲ್ಲಿ ಜ್ಞಾನೋಪದೇಶದ ಟೀಚರ್
ಹೇಳಿದ್ದಾರೆ: ನೆನೆದುಕೊಂಡು ಬನ್ನಿ, ಮಕ್ಕಳೇ,
ಬರೆದುಕೊಂಡರೂ ಅಡ್ಡಿಯಿಲ್ಲ, ಆಮೇಲೆ ಹರಿದುಬಿಡಿ.

ಕರೆಂಟಿಲ್ಲ. ಸಂಜೆಯೇ ಆನೆ ತೋಟಕ್ಕಿಳಿದಿದೆಯಂತೆ,
ಕಾವಲಿನವರ ಪಟಾಕಿ ಆಗಾಗ ಢಂ ಎನ್ನುತ್ತದೆ.
ಜಪಸರ ಮುಗಿದಿದೆ. ಮೂರನೆಯ ರಹಸ್ಯಕ್ಕೇ ಆಲ್ವಿನ್
ಅಮ್ಮನ ತೊಡೆಗೆ ಒರಗಿ ನಿದ್ದೆಹೋಗಿದ್ದಾನೆ,
ಒಂದು ಮಣಿ ಇನ್ನೂ ಅವನ ಬಾಯೊಳಗೆ.
ಮೇಣದಬತ್ತಿಯ ಹತ್ತಿರ ಹಾಳೆ ಹರಡಿ
ಪೆನ್ಸಿಲು ಕಚ್ಚುತ್ತ ಕೂತಿದ್ದಾಳೆ ಮಗಳು:

ಒಂದು, ತಮ್ಮನ್ನ ಚಿವುಟಿದ್ದು.
ಎರಡು, ಬೆಲ್ಲದ ಡಬ್ಬಿ.
ಮೂರು, ಪೂಜೆಯಲ್ಲಿ ಫಾದರ್ ಸೀನಿದಾಗ ನಕ್ಕಿದ್ದು.

'ಮೂರೇ ಆಯ್ತು ಪಪ್ಪಾ, ಶರಲ್‌ದು ಹನ್ನೊಂದಿದೆ.
ನಿಂದೊಂದು ಕೊಡು.'

ಜಸಿಂತಾ ನಕ್ಕಳು. ನಾನೂ.
'ಪಾಪಾನ ಕಡ ಕೊಡೋಕಾಗಲ್ಲ, ಪುಟ್ಟಿ.'
'ಯಾಕೆ? ಪಕ್ಕದ ಮನೆಗೆ ಸಕ್ಕರೆ ಕೊಡ್ತೀವಲ್ಲ.'
ಆಮೇಲೆ ತಲೆಯೆತ್ತದೆ, ಒತ್ತಕ್ಷರ ಸರಿಯಾ ಎಂದು ಕೇಳುವ ದನಿಯಲ್ಲೇ:
'ಆ ಎರಡು ಕಿಲೋ, ಅದು ಪಾಪಾನಾ?'

ನಾನು ತೋಟದ ರೈಟರು. ಕಾಫಿ ಕುಯ್ದವರ ಮೂಟೆ
ಸಂಜೆ ತಕ್ಕಡಿಗೆ ಬರುತ್ತದೆ, ಪುಸ್ತಕ ನನ್ನ ಕೈಯಲ್ಲಿರುತ್ತದೆ.
ಎಲೆಗೆ, ಕಡ್ಡಿಗೆ, ತೇವಕ್ಕೆ, ಗೋಣಿಗೆ ಅಂತ
ಮೂಟೆಗೆ ಎರಡು ಕಿಲೋ ಕಡಿತ.
ನಾನು ಹುಟ್ಟಿಸಿದ್ದಲ್ಲ. ನನಗೆ ಮುಂಚಿನ ರೈಟರು ಹಾಗೇ ಬರೆದ,
ಅವನಿಗೂ ಮುಂಚಿನವನು ಹಾಗೇ;
ತಕ್ಕಡಿ ಎರಡು ಸಲ ಬದಲಾಯಿತು, ಕಡಿತ ಬದಲಾಗಲಿಲ್ಲ.

ಕ್ರಿಸ್ಮಸ್ ರಜೆಯಲ್ಲಿ ಒಂದು ದಿನ ಜೊತೆಗೆ ಬಂದಿದ್ದಳು.
ಎರಡಂಕಿ ಓದಲು ಹೊಸದಾಗಿ ಬಂದ ಹಮ್ಮು.
ಬೋಜಿಯ ಮೂಟೆ ತೂಗುವಾಗ ಮುಳ್ಳು ನಿಲ್ಲುವುದನ್ನೇ ಕಾದು
'ನಲವತ್ತಾರು!' ಎಂದು ಕೂಗಿದಳು.
ನಾನು ನಲವತ್ತನಾಲ್ಕು ಬರೆದೆ.
ಬೋಜಿ ನನ್ನ ಕಡೆ ನೋಡಲಿಲ್ಲ,
ಮಗಳ ಕಡೆ ನೋಡಿದಳು; ತಪ್ಪು ಓದಿದ ಮಗುವಿಗೆ
ಸಮಾಧಾನ ಹೇಳುವವಳ ಹಾಗೆ ತಲೆ ಸವರಿದಳು.

ಈ ಕೈಯಿಂದಲೇ ಅಲ್ಲವೆ ಅವಳ ಕೈ ಹಿಡಿದು
ಶಿಲುಬೆಯ ಗುರುತು ಕಲಿಸಿದ್ದು:
ಹಣೆ, ಎದೆ, ಮೊದಲು ಎಡಭುಜ, ಆಮೇಲೆ ಬಲ.
ಊಟಕ್ಕೆ ಮುಂಚೆ ಕಣ್ಣು ಮುಚ್ಚಲು ಕಲಿಸಿದ್ದೂ ನಾನೇ.
ತೆರೆದೇ ಇಟ್ಟಿದ್ದಳು ಅಂತ ಯಾರಿಗೆ ಗೊತ್ತು.

ಎಲೆ, ಕಡ್ಡಿ, ತೇವ, ಗೋಣಿ:
ಬಾಯಿಪಾಠದ ಜಪದಂತೆ ತುಟಿಯ ತನಕ ಬಂತು.
ಸಾಹುಕಾರರ ಹೆಸರೂ ಬಂತು.
ಜಸಿಂತಾ ಸಹಾಯಕ್ಕೆ ಬರಲಿಲ್ಲ,
ಉಗುರಿನಿಂದ ಮೇಜಿನ ಮೇಣ ಕೆರೆಯುತ್ತಿದ್ದಳು.
ಹೊರಗೆ ಇನ್ನೊಂದು ಪಟಾಕಿ.

'ಪಾಪ,' ಅಂದೆ. 'ಆದ್ರೆ ಅದು ನಿಂದಲ್ಲ, ನಂದು.
ನೀನು ಬರೆಯೋ ಹಾಗಿಲ್ಲ.'

'ಹಾಗಾದ್ರೆ ನಂಗೆ ಮೂರೇನಾ,' ಎಂದು ಮುಖ ಸಣ್ಣ ಮಾಡಿದಳು.
ಹಾಳೆಯ ಅಂಚು ಹರಿದು ನನ್ನ ಮುಂದೆ ತಳ್ಳಿದಳು,
ಎಂಜಲಾದ ಪೆನ್ಸಿಲನ್ನೂ:
'ನೀನೂ ಬರ್ಕೋ. ಶನಿವಾರ ಮರೆತುಹೋಗತ್ತೆ.'

ಮಾರನೆಯ ದಿನ ಬೋಜಿಯದು ಮೂವತ್ತೊಂಬತ್ತು.
ಮೂವತ್ತೊಂಬತ್ತು ಬರೆದೆ.
'ಇವತ್ತು ಗೋಣಿಗೆ ತೂಕ ಇಲ್ವಾ, ರೈಟ್ರೇ?' ಎಂದಳು,
ನಗದೆ, ಮೂಟೆ ಕಟ್ಟಿದ ಹಗ್ಗ ಸುತ್ತಿಕೊಳ್ಳುತ್ತ.
ಮಗಳು ಸ್ಕೂಲಿನಲ್ಲಿದ್ದಳು, ನೋಡಲಿಲ್ಲ.
ತಿಂಗಳ ಲೆಕ್ಕ ಕೇಳಿದಾಗ ಸಾಹುಕಾರರಿಗೆ ಏನು ಹೇಳುತ್ತೇನೋ
ಇನ್ನೂ ಹೊಳೆದಿಲ್ಲ.

ಅವಳ ಪಟ್ಟಿ ಶನಿವಾರವೇ ಚೂರುಚೂರಾಗಿ
ಇಗರ್ಜಿಯ ಅಂಗಳದಲ್ಲಿ ಗಾಳಿಗೆ ಹಾರಿತು;
ಅದರ ಹಿಂದೆ ಆಲ್ವಿನ್ ಓಡಿದ.
ನನ್ನ ಚೀಟಿ ಅಂಗಿಯ ಜೇಬಿನಲ್ಲಿದೆ.
ಆರು ವರ್ಷ, ದಿನಕ್ಕೆ ಮೂವತ್ತು ಮೂಟೆ,
ಗುಣಿಸುತ್ತ ಗುಣಿಸುತ್ತ ಜಾಗ ಸಾಲದೆ
ಹಿಂದೆ ತಿರುವಿ ಬರೆಯುತ್ತಿದ್ದೇನೆ.